ಕಾನ್ಫೆಡರೇಟ್ ಬಾವುಟ: ಮನೆಯಂಗಳಕ್ಕೆ ಒಂದು ನ್ಯಾಯ, ಶಾಸನಭವನಕ್ಕೆ ಇನ್ನೊಂದೇ?

ಅಟ್ಲಾಂಟಾ ನಿವಾಸಿ

ಜಾರ್ಜಿಯಾದಲ್ಲಿ ನೆಲೆಸಿರುವ ಕನ್ನಡಿಗರಲ್ಲಿ, ಊರಿನಿಂದ ಅಪ್ಪ ಅಮ್ಮ ಬಂದಾಗ ಅವರನ್ನು ಸ್ಟೋನ್ ಮೌಂಟನ್ ತೋರಿಸಲು ಕರೆದೊಯ್ಯದವರು ಕಡಿಮೆ. ಸಾವನದುರ್ಗವನ್ನೋ ಮಧುಗಿರಿಯನ್ನೋ ಹತ್ತಿದವರಿಗೆ ಆ ಒಂಟಿ ಬಂಡೆಯ ಬೆಟ್ಟ ತೀರಾ ಹೊಸದೆನಿಸುವುದಿಲ್ಲ. ಅದರ ಒಂದು ಮಗ್ಗುಲಿನಲ್ಲಿ, ಅಮೆರಿಕದ ಒಕ್ಕೂಟದಿಂದ ಬೇರೆಯಾದ ದಕ್ಷಿಣದ ರಾಜ್ಯಗಳು 1861ರಲ್ಲಿ ಕಟ್ಟಿಕೊಂಡ ಕಾನ್ಫೆಡರೇಟ್ ಸರ್ಕಾರದ ಅಧ್ಯಕ್ಷ ಜೆಫರ್ಸನ್ ಡೇವಿಸ್, ಅದರ ಸೇನಾನಿಗಳಾದ ರಾಬರ್ಟ್ ಲೀ ಮತ್ತು ಸ್ಟೋನ್‌ವಾಲ್ ಜ್ಯಾಕ್ಸನ್ ಅವರನ್ನು ಕುದುರೆಯ ಮೇಲೆ ಕುಳಿತಂತೆ ಕೆತ್ತಲಾಗಿದೆ. ಬೆಟ್ಟ ಹತ್ತುವ ದಾರಿಯಲ್ಲಿ ಹಿಂದೆ ಕಾನ್ಫೆಡರೇಟ್ ಬಾವುಟಗಳ ಸಾಲೊಂದಿತ್ತು. 2021ರಲ್ಲಿ ಉದ್ಯಾನದ ಆಡಳಿತ ಮಂಡಳಿ ಅವನ್ನು ಅಲ್ಲಿಂದ ತೆಗೆದು, ಬೆಟ್ಟದ ಬುಡದಲ್ಲಿ ಜನರ ಓಡಾಟ ಕಡಿಮೆ ಇರುವ ಇನ್ನೊಂದು ಜಾಗದಲ್ಲಿ ಇರಿಸಲು ತೀರ್ಮಾನಿಸಿತು. ಒಂದು ಪಕ್ಷದವರು ಇದನ್ನು ಪೂರ್ವಜರಿಗೆ ಮಾಡಿದ ಅವಮಾನವೆಂದರು. ಇನ್ನೊಂದು ಪಕ್ಷದವರು ಇಳಿಸಬೇಕಾದುದನ್ನು ಬರಿದೇ ಪಕ್ಕಕ್ಕೆ ಸರಿಸಿದ್ದಾರೆಂದು ದೂರಿದರು.

ನಮ್ಮ ಬಡಾವಣೆಯ ಹಿರಿಯರೊಬ್ಬರ ಅಂಗಳದಲ್ಲಿಯೂ ಇದೇ ಬಾವುಟವಿದೆ: ಕೆಂಪು ನೆಲ, ಅದರ ಮೇಲೆ ಓರೆಯಾಗಿ ಹಾದ ನೀಲಿ ಪಟ್ಟಿಗಳು, ಅವುಗಳೊಳಗೆ ಬಿಳಿ ನಕ್ಷತ್ರಗಳು. ಅವರು ನಮ್ಮೊಡನೆ ಸೌಜನ್ಯದಿಂದಲೇ ನಡೆದುಕೊಳ್ಳುತ್ತಾರೆ. ಗೆಳೆಯರಲ್ಲಿ ಕೆಲವರು, ಇದು ಬಿಳಿಯರು ಮತ್ತು ಕಪ್ಪು ಜನರ ನಡುವಿನ ಹಳೆಯ ವ್ಯಾಜ್ಯ, ನೆನ್ನೆ ಮೊನ್ನೆ ಬಂದ ನಾವು ತಲೆ ಹಾಕಬಾರದು ಎನ್ನುತ್ತಾರೆ. ತೆರಿಗೆ ಕಟ್ಟಿ, ಮತ ಹಾಕಿ, ಮಕ್ಕಳನ್ನು ಇಲ್ಲಿನ ಶಾಲೆಗಳಿಗೆ ಕಳುಹಿಸುವವರು ಹಾಗೆ ಹೇಳಿ ನುಣುಚಿಕೊಳ್ಳಲಾಗದು ಎಂಬುದು ನನ್ನ ಅಭಿಪ್ರಾಯ. ಉದ್ಯಾನ ಸರ್ಕಾರದ್ದು, ಅಂಗಳ ಆ ಹಿರಿಯರದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕೇ? ತಿಳಿದವರು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಇತಿಹಾಸದ ಮೇಷ್ಟ್ರು

ಈ ಬಾವುಟ ಏನನ್ನು ಪ್ರತಿನಿಧಿಸುತ್ತದೆ ಎಂದು ನೇರವಾಗಿ ಕೇಳಿದರೆ ವಾದ ಅಲ್ಲಿಯೇ ಗಿರಕಿ ಹೊಡೆಯುತ್ತದೆ. ಅದನ್ನು ಯಾರು, ಯಾವಾಗ, ಯಾವ ಕಟ್ಟಡದ ಮೇಲೆ ಏರಿಸಿದರು ಎಂದು ಕೇಳಿ ನೋಡಿ. ಉತ್ತರ ಬಹುಮಟ್ಟಿಗೆ ದಾಖಲೆಗಳಲ್ಲಿಯೇ ಇದೆ.

ಮೊದಲು ಸ್ಪಷ್ಟವಾಗಬೇಕಾದ ಸಂಗತಿ: ಇದು ಕಾನ್ಫೆಡರೇಟ್ ಸರ್ಕಾರದ ರಾಷ್ಟ್ರಧ್ವಜವಾಗಿರಲಿಲ್ಲ. 1861ರ ಮಾರ್ಚ್‌ನಲ್ಲಿ ಅಲಬಾಮಾದ ಮಾಂಟ್‌ಗೊಮರಿಯಲ್ಲಿ ಏರಿಸಿದ ಮೊದಲ ಧ್ವಜ ಅಮೆರಿಕದ ಧ್ವಜವನ್ನೇ ಹೋಲುತ್ತಿತ್ತು. ಆ ಜುಲೈನಲ್ಲಿ ಮನಾಸಸ್‌ನಲ್ಲಿ ನಡೆದ ಮೊದಲ ದೊಡ್ಡ ಕಾಳಗದಲ್ಲಿ, ಹೊಗೆ ಮತ್ತು ಧೂಳಿನ ನಡುವೆ ಸ್ವಪಕ್ಷ ಯಾವುದು, ಶತ್ರುಪಕ್ಷ ಯಾವುದು ಎಂದು ಸೈನಿಕರಿಗೆ ಗುರುತಿಸಲಾಗಲಿಲ್ಲ. ಆದ್ದರಿಂದ ಸೇನಾನಿ ಬೋರೆಗಾರ್ಡ್ ಮತ್ತು ಅವನ ಜೊತೆಗಾರರು, ದಕ್ಷಿಣ ಕರೊಲಿನಾದ ವಿಲಿಯಂ ಪೋರ್ಚರ್ ಮೈಲ್ಸ್ ಸಿದ್ಧಪಡಿಸಿದ್ದ ಓರೆ ಶಿಲುಬೆಯ ವಿನ್ಯಾಸವನ್ನು ಚೌಕಾಕಾರದ ಕದನ ಬಾವುಟವಾಗಿ ಬಳಕೆಗೆ ತಂದರು. ಹೊರಬಂದ ರಾಜ್ಯಗಳು 11 ಇದ್ದರೂ ಅದರಲ್ಲಿ ನಕ್ಷತ್ರಗಳು 13. ಕೆಂಟಕಿ ಮತ್ತು ಮಿಸ್ಸೌರಿಗಳನ್ನೂ ತಮ್ಮ ಲೆಕ್ಕಕ್ಕೆ ಸೇರಿಸಿಕೊಂಡಿದ್ದರು. 1863ರಲ್ಲಿ ಇದನ್ನು ಬಿಳಿಯ ಬಟ್ಟೆಯ ಮೂಲೆಗೆ ಸೇರಿಸಿ ಎರಡನೆಯ ರಾಷ್ಟ್ರಧ್ವಜ ಮಾಡಿದಾಗ, ಸವಾನಾ ನಗರದ ಪತ್ರಿಕಾ ಸಂಪಾದಕನೊಬ್ಬ ಅದನ್ನು ಬಿಳಿಯ ಮನುಷ್ಯನ ಧ್ವಜವೆಂದೇ ಹೊಗಳಿ ಬರೆದ. ಗಾಳಿಯಿಲ್ಲದಾಗ ಅದು ಶರಣಾಗತಿಯ ಬಿಳಿ ಬಾವುಟದಂತೆ ತೋರುತ್ತಿದ್ದುದರಿಂದ 1865ರ ಮಾರ್ಚ್‌ನಲ್ಲಿ ತುದಿಗೆ ಕೆಂಪು ಪಟ್ಟಿ ಸೇರಿಸಿದರು. ಮರುತಿಂಗಳೇ ಲೀ ನಿಜವಾಗಿಯೂ ಶರಣಾದ.

ಯುದ್ಧಕ್ಕೆ ಗುಲಾಮಗಿರಿ ಕಾರಣವೋ ರಾಜ್ಯಗಳ ಹಕ್ಕು ಕಾರಣವೋ ಎಂಬ ತರ್ಕಕ್ಕೆ ಹೆಚ್ಚು ಜಾಗ ಕೊಡಬೇಕಾಗಿಲ್ಲ. ಮಿಸಿಸಿಪ್ಪಿ ತನ್ನ ಪ್ರತ್ಯೇಕತೆಯ ಘೋಷಣೆಯಲ್ಲಿಯೇ ತನ್ನ ನಿಲುವು ಗುಲಾಮಗಿರಿಯ ವ್ಯವಸ್ಥೆಯೊಡನೆ ಸಂಪೂರ್ಣವಾಗಿ ಬೆಸೆದುಕೊಂಡಿದೆ ಎಂದು ಸಾರಿತು. ಕಾನ್ಫೆಡರೇಟ್ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ 1861ರ ಮಾರ್ಚ್ 21ರಂದು ಸವಾನಾದಲ್ಲಿ ಮಾಡಿದ ಭಾಷಣದಲ್ಲಿ, ಕಪ್ಪು ಮನುಷ್ಯ ಬಿಳಿಯನಿಗೆ ಸಮಾನನಲ್ಲ ಎಂಬುದೇ ಹೊಸ ಸರ್ಕಾರದ ಮೂಲೆಗಲ್ಲು ಎಂದ. 1860ರ ಜನಗಣತಿಯಂತೆ ದಕ್ಷಿಣ ಕರೊಲಿನಾದ ಜನರಲ್ಲಿ ಶೇಕಡಾ 57ರಷ್ಟು ಮಂದಿ ಗುಲಾಮರಾಗಿದ್ದರು.

ಆದರೆ ಇಂದಿನ ಜಗಳಕ್ಕೆ ಹೆಚ್ಚು ಸಂಬಂಧಿಸಿದ್ದು 1861 ಅಲ್ಲ, ಅದಕ್ಕಿಂತ ಬಹಳ ಈಚಿನ ಕೆಲವು ವರ್ಷಗಳು. ಸೋತ ಮೇಲೆ ಹಲವು ದಶಕಗಳ ಕಾಲ ಈ ಬಾವುಟ ಹೆಚ್ಚಾಗಿ ಯೋಧರ ಸಮಾವೇಶಗಳಲ್ಲಿ, ಸಮಾಧಿಗಳ ಬಳಿ, ಸ್ಮಾರಕಗಳ ಉದ್ಘಾಟನೆಗಳಲ್ಲಿ ಕಾಣಿಸಿಕೊಳ್ಳುತ್ತಿತ್ತು. 1948ರಲ್ಲಿ ಅಧ್ಯಕ್ಷ ಟ್ರೂಮನ್ ಅವರ ನಾಗರಿಕ ಹಕ್ಕುಗಳ ನೀತಿಯನ್ನು ವಿರೋಧಿಸಿ ಸ್ಟ್ರಾಮ್ ಥರ್ಮಂಡ್ ನೇತೃತ್ವದಲ್ಲಿ ಸಿಡಿದ ದಕ್ಷಿಣದ ಡೆಮಾಕ್ರಟರು ಇದನ್ನು ರಾಜಕೀಯದ ಬೀದಿಗೆ ತಂದರು. 1954ರಲ್ಲಿ, ಬಿಳಿಯ ಮತ್ತು ಕಪ್ಪು ಮಕ್ಕಳನ್ನು ಬೇರೆ ಬೇರೆ ಶಾಲೆಗಳಲ್ಲಿ ಇರಿಸುವ ವರ್ಣಭೇದ ಅಸಾಂವಿಧಾನಿಕವೆಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು. 1956ರಲ್ಲಿ ಜಾರ್ಜಿಯಾ ತನ್ನ ರಾಜ್ಯಧ್ವಜದೊಳಗೆ ಕದನ ಬಾವುಟವನ್ನು ಸೇರಿಸಿಕೊಂಡಿತು. 1961ರಲ್ಲಿ ಅಂತರ್ಯುದ್ಧದ ಶತಮಾನೋತ್ಸವದ ನೆಪದಲ್ಲಿ ದಕ್ಷಿಣ ಕರೊಲಿನಾದ ಶಾಸನಭವನದ ಗುಮ್ಮಟವನ್ನೇರಿದ ಬಾವುಟಕ್ಕೆ ಮರುವರ್ಷ ಶಾಸಕರು ನಿರ್ಣಯದ ಬಲ ಕೊಟ್ಟರು. ಇಳಿಸುವ ದಿನಾಂಕವನ್ನು ಮಾತ್ರ ಬರೆಯಲಿಲ್ಲ. 1963ರ ಏಪ್ರಿಲ್‌ನಲ್ಲಿ ಅಟಾರ್ನಿ ಜನರಲ್ ರಾಬರ್ಟ್ ಕೆನಡಿ ಮಾತುಕತೆಗೆಂದು ಮಾಂಟ್‌ಗೊಮರಿಗೆ ಬಂದ ದಿನ, ಗವರ್ನರ್ ಜಾರ್ಜ್ ವ್ಯಾಲೇಸ್ ಅದನ್ನು ಅಲಬಾಮಾದ ಶಾಸನಭವನದ ಮೇಲೆ ಹಾರಿಸಿದ. ನೀವು ಹೇಳಿದ ಸ್ಟೋನ್ ಮೌಂಟನ್ ಕೂಡ ಇದೇ ಸಾಲಿಗೆ ಸೇರುತ್ತದೆ: 1915ರಲ್ಲಿ ಕಪ್ಪು ಜನರ ಮೇಲೆ ಹಿಂಸೆ ನಡೆಸಿದ ಬಿಳಿಯರ ಗುಪ್ತಸಂಘ ಕೂ ಕ್ಲಕ್ಸ್ ಕ್ಲಾನ್ ಮರುಹುಟ್ಟು ಪಡೆದದ್ದು ಆ ಬೆಟ್ಟದ ಮೇಲೆ, ಅರ್ಧಕ್ಕೆ ನಿಂತಿದ್ದ ಕೆತ್ತನೆಯನ್ನು ಮುಗಿಸಲೆಂದು ರಾಜ್ಯ ಸರ್ಕಾರ ಬೆಟ್ಟವನ್ನು ಕೊಂಡದ್ದು 1958ರಲ್ಲಿ, ಕೆಲಸ ಮುಗಿದದ್ದು 1972ರಲ್ಲಿ. ಸರ್ಕಾರಗಳು ಈ ಬಾವುಟವನ್ನು ಏರಿಸಿದ ದಿನಾಂಕಗಳನ್ನು ಒಂದರ ಪಕ್ಕದಲ್ಲಿ ಇನ್ನೊಂದನ್ನಿಟ್ಟು ನೋಡಿದವರಿಗೆ, ಅದು ಸತ್ತ ಯೋಧರ ನೆನಪಿಗಾಗಿ ಮಾತ್ರ ಏರಿತೆಂದು ನಂಬುವುದು ಕಷ್ಟ.

ತುಂಗಾತೀರ

ಮೇಷ್ಟ್ರು ಕೊಟ್ಟ ದಿನಾಂಕಗಳನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅವೆಲ್ಲವೂ ಗವರ್ನರುಗಳ ಮತ್ತು ಶಾಸಕರ ಕೃತ್ಯಗಳು. ಅಟ್ಲಾಂಟಾದವರ ನೆರೆಯ ಹಿರಿಯರು ಗವರ್ನರ್ ಅಲ್ಲ.

1860ರಲ್ಲಿ ಆ 11 ರಾಜ್ಯಗಳ ಕುಟುಂಬಗಳಲ್ಲಿ ಗುಲಾಮರನ್ನು ಹೊಂದಿದ್ದವು ಹತ್ತರಲ್ಲಿ ಸುಮಾರು ಮೂರು. ಉಳಿದ ಏಳು ಮನೆಗಳ ಹುಡುಗರೂ ಯುದ್ಧಕ್ಕೆ ಹೋದರು. 1862ರ ಬಳಿಕ ಕಡ್ಡಾಯ ಸೇನಾಭರ್ತಿಯ ಕಾನೂನು ಅನೇಕರನ್ನು ಎಳೆದುಕೊಂಡು ಹೋಯಿತು. ಬಹಳಷ್ಟು ಮಂದಿ ಗುಂಡಿಗಿಂತ ಹೆಚ್ಚಾಗಿ ಭೇದಿ ಮತ್ತು ಜ್ವರಗಳಿಂದ ಸತ್ತರು. ಅಂಥವನೊಬ್ಬನ ಮರಿಮಗ ತನ್ನ ಅಂಗಳದಲ್ಲಿ ಆ ಬಾವುಟವನ್ನು ನೆಟ್ಟರೆ, ಅವನ ಮನಸ್ಸಿನಲ್ಲಿ ಗುಲಾಮಗಿರಿಯ ಸಮರ್ಥನೆ ಇದೆಯೆಂದು ಓದಿ ಹೇಳುವ ಅಧಿಕಾರವನ್ನು ನಮಗೆ ಯಾರು ಕೊಟ್ಟರು?

ಇನ್ನೊಂದು ಮಾತನ್ನು ನಮ್ಮವರ ಮುಂದೆಯೇ ಇಡುತ್ತೇನೆ. ಸ್ವಸ್ತಿಕವನ್ನು ಕಂಡ ಕೂಡಲೇ ಹಿಟ್ಲರನನ್ನು ನೆನೆಯಬೇಡಿ, ನಮ್ಮ ಬಾಗಿಲಿನ ಮೇಲೆ ಅದಕ್ಕೆ ಬೇರೆ ಅರ್ಥವಿದೆ ಎಂದು ಅಮೆರಿಕದ ಹಿಂದೂಗಳು, ಜೈನರು, ಬೌದ್ಧರು ವರ್ಷಗಳಿಂದ ವಿವರಿಸುತ್ತಾ ಬಂದಿದ್ದಾರೆ. ಕ್ಯಾಲಿಫೋರ್ನಿಯಾ 2022ರಲ್ಲಿ ದ್ವೇಷಚಿಹ್ನೆಗಳ ಕಾನೂನನ್ನು ತಿದ್ದುವಾಗ ನಾಜಿಗಳ ಚಿಹ್ನೆಯನ್ನು ಸ್ವಸ್ತಿಕದಿಂದ ಬೇರ್ಪಡಿಸಿ ಹೆಸರಿಸಿತು. ಚಿಹ್ನೆಯನ್ನು ಹಿಡಿದವನ ಮನಸ್ಸನ್ನು ನೋಡಿ ಅರ್ಥ ಮಾಡಿಕೊಳ್ಳಿ ಎಂದು ನಾವು ಕೇಳುವುದಾದರೆ, ದಕ್ಷಿಣದ ಬಿಳಿಯನೊಬ್ಬ ಅದನ್ನೇ ಕೇಳಿದಾಗ ಇಲ್ಲವೆನ್ನುವುದು ಯಾವ ನ್ಯಾಯ?

ಮೈಸೂರಿನ ವಕೀಲೆ

ಮೊದಲ ಪ್ರಶ್ನೆಗೆ ಅಮೆರಿಕದ ಕಾನೂನು ಏನು ಹೇಳುತ್ತದೆ ಎಂಬುದನ್ನಷ್ಟೇ ಹೇಳುತ್ತೇನೆ. ಸರಿ ತಪ್ಪಿನ ವಿಚಾರವನ್ನು ಉಳಿದವರಿಗೆ ಬಿಡುತ್ತೇನೆ.

ಅಂಗಳದ ಬಾವುಟಕ್ಕೆ ಸಂವಿಧಾನದ ಮೊದಲ ತಿದ್ದುಪಡಿಯ ರಕ್ಷಣೆಯಿದೆ. 1989ರಲ್ಲಿ ಸ್ವತಃ ರಾಷ್ಟ್ರಧ್ವಜವನ್ನು ಸುಡುವುದೂ ಅಭಿವ್ಯಕ್ತಿಯೇ ಎಂದು ಒಪ್ಪಿದ ನ್ಯಾಯಾಲಯ, ಇನ್ನೊಂದು ಬಾವುಟವನ್ನು ಹಾರಿಸುವುದನ್ನು ಅಪರಾಧವೆನ್ನಲು ಬಿಡುವುದಿಲ್ಲ. ಮಿತಿ ಇರುವುದು ಬೆದರಿಕೆಯ ಬಳಿ. ಶಿಲುಬೆಯನ್ನು ಸುಡುವ ಕ್ಲಾನ್ ಪದ್ಧತಿಯ ಬಗ್ಗೆ 2003ರ ವರ್ಜಿನಿಯಾ ಪ್ರಕರಣದಲ್ಲಿ, ಹೆದರಿಸುವ ಉದ್ದೇಶವಿದ್ದರೆ ರಾಜ್ಯ ಅದನ್ನು ಶಿಕ್ಷಿಸಬಹುದು, ಆದರೆ ಸುಟ್ಟ ಮಾತ್ರಕ್ಕೆ ಆ ಉದ್ದೇಶವಿತ್ತೆಂದು ಊಹಿಸಿಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಜರ್ಮನಿ ಇದಕ್ಕೆ ಪೂರ್ತಿ ಭಿನ್ನವಾದ ದಾರಿ ಹಿಡಿದಿದೆ: ಅಲ್ಲಿನ ದಂಡಸಂಹಿತೆಯ 86ಎ ಕಲಮು ನಾಜಿ ಚಿಹ್ನೆಗಳ ಸಾರ್ವಜನಿಕ ಪ್ರದರ್ಶನವನ್ನೇ ಅಪರಾಧವಾಗಿಸಿದೆ, ಕಲೆ, ಸಂಶೋಧನೆ, ಶಿಕ್ಷಣದಂಥ ಉದ್ದೇಶಗಳಿಗೆ ಮಾತ್ರ ವಿನಾಯಿತಿ. ತನ್ನ ಗಣರಾಜ್ಯವನ್ನು ಒಮ್ಮೆ ಕಳೆದುಕೊಂಡ ದೇಶ ಬರೆದುಕೊಂಡ ಕಾನೂನು ಅದು. ಅಮೆರಿಕದಲ್ಲಿ ಅದಕ್ಕೆ ನೆಲೆಯಿಲ್ಲ.

ಸರ್ಕಾರದ ಬಾವುಟದ ಮಾತು ಬೇರೆ. ಕಾನ್ಫೆಡರೇಟ್ ಯೋಧರ ವಂಶಜರ ಸಂಘವೊಂದು ಟೆಕ್ಸಾಸ್‌ನಲ್ಲಿ ವಾಹನಗಳ ನಂಬರ್ ಪ್ಲೇಟಿನ ಮೇಲೆ ಈ ಬಾವುಟವನ್ನು ಅಚ್ಚು ಹಾಕಿಸಲು ಅನುಮತಿ ಕೇಳಿ, ನಿರಾಕರಣೆಯಾದಾಗ ನ್ಯಾಯಾಲಯಕ್ಕೆ ಹೋಯಿತು. 2015ರ ಜೂನ್ 18ರಂದು ಸುಪ್ರೀಂ ಕೋರ್ಟ್, 5-4ರ ಬಹುಮತದಿಂದ, ನಂಬರ್ ಪ್ಲೇಟಿನ ಮೇಲೆ ಮಾತನಾಡುವುದು ಸರ್ಕಾರವೇ ಆದ್ದರಿಂದ ಬೇಡವೆನ್ನುವ ಹಕ್ಕು ಅದಕ್ಕಿದೆ ಎಂದು ತೀರ್ಮಾನಿಸಿತು. ಆ ಬಹುಮತದಲ್ಲಿ ಸಂಪ್ರದಾಯವಾದಿ ಮತ್ತು ಕಪ್ಪು ಸಮುದಾಯದ ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್ ಇದ್ದರು. ಅವರು ಜೊತೆಗೂಡದಿದ್ದರೆ ಫಲಿತಾಂಶವೇ ಬದಲಾಗುತ್ತಿತ್ತು.

ಈ ತತ್ತ್ವಕ್ಕೆ ಇನ್ನೊಂದು ಮಗ್ಗುಲೂ ಇದೆ. ಬಾಸ್ಟನ್ ನಗರಸಭೆ ತನ್ನ ಕಟ್ಟಡದ ಮುಂದಿನ ಮೂರು ಕಂಬಗಳಲ್ಲಿ ಒಂದನ್ನು ಸಂಘಸಂಸ್ಥೆಗಳಿಗೆ ಬಿಟ್ಟುಕೊಟ್ಟು, 2005ರಿಂದ 2017ರವರೆಗೆ ಯಾರನ್ನೂ ತಡೆಯದೆ ಸುಮಾರು 50 ಬಗೆಯ ಬಾವುಟಗಳಿಗೆ ಅವಕಾಶ ಕೊಟ್ಟಿತ್ತು. ಕೊನೆಗೊಮ್ಮೆ ಕ್ರೈಸ್ತ ಬಾವುಟವೊಂದಕ್ಕೆ ಮಾತ್ರ ಬೇಡವೆಂದಿತು. 2022ರಲ್ಲಿ ಒಂಬತ್ತೂ ನ್ಯಾಯಮೂರ್ತಿಗಳು ನಗರದ ವಿರುದ್ಧ ತೀರ್ಪಿತ್ತರು. ಕಂಬವನ್ನು ಎಲ್ಲರಿಗೂ ತೆರೆದಿಟ್ಟ ಮೇಲೆ ಆಡುವ ಮಾತು ಸರ್ಕಾರದ್ದಲ್ಲ, ಏರಿಸುವವರದು. ಅಂದರೆ ಸರ್ಕಾರ ಕಂಬವನ್ನು ತನ್ನದೆಂದು ಇಟ್ಟುಕೊಂಡರೆ ಅಲ್ಲಿ ಏನು ಹಾರುತ್ತದೆಯೋ ಅದಕ್ಕೆ ತಾನೇ ಉತ್ತರ ಹೇಳಬೇಕು. ಪರಂಪರೆಯೆಂಬ ಹೆಸರಿನಲ್ಲಿ ಏರಿಸಿ, ಪ್ರಶ್ನೆ ಬಂದಾಗ ಅದು ಜನರ ಭಾವನೆ ಎಂದು ಕೈತೊಳೆದುಕೊಳ್ಳುವಂತಿಲ್ಲ.

ಕೊಲಂಬಿಯಾ ಕನ್ನಡಿಗ

ವಕೀಲರು ಹೇಳಿದ ಆ ಟೆಕ್ಸಾಸ್ ತೀರ್ಪು ಬಂದದ್ದು ಗುರುವಾರ. ಅದರ ಹಿಂದಿನ ಸಂಜೆ, 2015ರ ಜೂನ್ 17ರಂದು, ನಮ್ಮ ದಕ್ಷಿಣ ಕರೊಲಿನಾ ರಾಜ್ಯದ ಚಾರ್ಲ್‌ಸ್ಟನ್ ನಗರದ ಇಮ್ಯಾನುಯೆಲ್ ಚರ್ಚಿನಲ್ಲಿ ಬೈಬಲ್ ಓದುತ್ತಿದ್ದ ಒಂಬತ್ತು ಮಂದಿ ಕಪ್ಪು ಜನರನ್ನು ಬಿಳಿಯ ಯುವಕನೊಬ್ಬ ಗುಂಡಿಕ್ಕಿ ಕೊಂದಿದ್ದ. ಸತ್ತವರಲ್ಲಿ ಆ ಚರ್ಚಿನ ಪಾದ್ರಿಯೂ ರಾಜ್ಯದ ಸೆನೆಟರೂ ಆಗಿದ್ದ ಕ್ಲೆಮೆಂಟಾ ಪಿಂಕ್ನಿ ಇದ್ದರು. ಕೊಲೆಗಾರ ಈ ಬಾವುಟವನ್ನು ಹಿಡಿದು ತೆಗೆಸಿಕೊಂಡಿದ್ದ ಚಿತ್ರಗಳು ಕೆಲವೇ ದಿನಗಳಲ್ಲಿ ಹೊರಬಂದವು.

ಆಗ ಬಾವುಟ ಗುಮ್ಮಟದ ಮೇಲಿರಲಿಲ್ಲ. ಕಪ್ಪು ಸಮುದಾಯದ ಸಂಘಟನೆಗಳ ಬಹಿಷ್ಕಾರ ಮತ್ತು ಮೆರವಣಿಗೆಗಳ ಬಳಿಕ 2000ದ ಜುಲೈ 1ರಂದು ಅದನ್ನು ಗುಮ್ಮಟದಿಂದ ಇಳಿಸಿ, ಶಾಸನಭವನದ ಮುಂದಿನ ಕಾನ್ಫೆಡರೇಟ್ ಯೋಧರ ಸ್ಮಾರಕದ ಬಳಿ ಕಂಬ ನೆಟ್ಟು ಏರಿಸಿದ್ದರು. ಇದನ್ನು ಎರಡೂ ಕಡೆಯವರ ರಾಜಿ ಎಂದು ಕರೆದರು. ನಿಜದಲ್ಲಿ, ಎತ್ತರದ ಗುಮ್ಮಟದ ಮೇಲಿದ್ದುದು ಈಗ ರಸ್ತೆಯಲ್ಲಿ ಹೋಗುವವರ ಕಣ್ಣಿಗೆ ಇನ್ನೂ ಹತ್ತಿರವಾಯಿತು. ಅದನ್ನು ಬದಲಿಸಲು ಶಾಸನಸಭೆಯ ಮೂರನೇ ಎರಡರಷ್ಟು ಮತ ಬೇಕೆಂಬ ಷರತ್ತನ್ನೂ ಕಾನೂನಿನಲ್ಲಿ ಸೇರಿಸಿದ್ದರು. ಪರಿಣಾಮವನ್ನು ನಾವೆಲ್ಲ ಕಂಡೆವು: ಪಿಂಕ್ನಿಯವರ ಶೋಕಾಚರಣೆಗಾಗಿ ಗುಮ್ಮಟದ ಮೇಲಿನ ರಾಷ್ಟ್ರಧ್ವಜವೂ ರಾಜ್ಯಧ್ವಜವೂ ಅರ್ಧಕ್ಕೆ ಇಳಿದವು, ಕೆಳಗಿನ ಕಾನ್ಫೆಡರೇಟ್ ಬಾವುಟ ಮಾತ್ರ ಕಂಬದ ತುದಿಯಲ್ಲಿಯೇ ಉಳಿಯಿತು. ಅದನ್ನು ಅರ್ಧಕ್ಕೆ ಇಳಿಸುವ ಅಧಿಕಾರವೂ ಯಾರಿಗೂ ಇರಲಿಲ್ಲ, ಅದಕ್ಕೆ ಬೇಕಾದ ರಾಟೆಯೂ ಕಂಬದಲ್ಲಿರಲಿಲ್ಲ. ಜೂನ್ 27ರ ಬೆಳಿಗ್ಗೆ ಬ್ರೀ ನ್ಯೂಸಮ್ ಎಂಬ ಮಹಿಳೆ 30 ಅಡಿಯ ಆ ಕಂಬವನ್ನೇರಿ ಬಾವುಟವನ್ನು ಕೈಯಾರೆ ಬಿಚ್ಚಿದರು; ಪೊಲೀಸರು ಬಂಧಿಸಿದರು; ಒಂದು ಗಂಟೆಯೊಳಗೆ ಹೊಸ ಬಾವುಟ ಅದೇ ಜಾಗಕ್ಕೆ ಏರಿತು.

ಪಂಜಾಬಿನಿಂದ ಬಂದ ಸಿಖ್ ದಂಪತಿಯ ಮಗಳಾದ ಗವರ್ನರ್ ನಿಕ್ಕಿ ಹೇಲಿ ಬಾವುಟ ಇಳಿಯಬೇಕೆಂದು ಕರೆ ಕೊಟ್ಟದ್ದನ್ನು ನಮ್ಮ ಭಾರತೀಯ ಬಳಗ ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ಹೆಮ್ಮೆಗೆ ಕಾರಣವಿದೆ, ಆದರೆ ಪೂರ್ತಿ ಕಥೆಯನ್ನೂ ಹೇಳಬೇಕು. 2014ರ ಚುನಾವಣಾ ಚರ್ಚೆಯಲ್ಲಿ ಇದೇ ಪ್ರಶ್ನೆ ಬಂದಾಗ ಅವರು, ಒಂದು ಕಂಪನಿಯ ಮುಖ್ಯಸ್ಥರೂ ತಮ್ಮೊಡನೆ ಈ ಬಾವುಟದ ಮಾತೆತ್ತಿಲ್ಲ ಎಂದು ಉತ್ತರಿಸಿದ್ದರು. 2019ರಲ್ಲಿ, ಅಧಿಕಾರ ಬಿಟ್ಟ ಮೇಲೆ, ಕೆಲವರ ಪಾಲಿಗೆ ಅದು ಸೇವೆ ಮತ್ತು ತ್ಯಾಗದ ಗುರುತಾಗಿತ್ತು, ಕೊಲೆಗಾರ ಅದನ್ನು ಕಸಿದುಕೊಂಡ ಎಂಬರ್ಥದ ಮಾತಾಡಿದರು. ವಲಸಿಗರ ಮಗಳೆಂಬ ಕಾರಣಕ್ಕೆ ಅವರು ಈ ನಿರ್ಧಾರ ಕೈಗೊಂಡರೆಂಬ ಕಥೆ ನಮಗೆ ಹಿತವಾಗಿದೆ. ಒಂಬತ್ತು ಹೆಣಗಳು ಬೀಳುವವರೆಗೆ ಆ ಕಾರಣ ಕೆಲಸ ಮಾಡಿರಲಿಲ್ಲ ಎಂಬುದು ಅಷ್ಟು ಹಿತವಲ್ಲ. ಕೆಳಮನೆಯಲ್ಲಿ ಮಸೂದೆಗೆ 94-20ರ ಅಂತರದಲ್ಲಿ ಒಪ್ಪಿಗೆ ದೊರೆಯಿತು, ಜುಲೈ 10ರಂದು ಬಾವುಟ ಇಳಿದು ರಾಜಧಾನಿ ಕೊಲಂಬಿಯಾದ ಸೇನಾ ವಸ್ತುಸಂಗ್ರಹಾಲಯಕ್ಕೆ ಹೋಯಿತು. ಅಲ್ಲಿ ಅದಕ್ಕೊಂದು ಭವ್ಯ ಕೊಠಡಿ ಕಟ್ಟಿಸಲು ಮಿಲಿಯನ್‌ಗಟ್ಟಲೆ ಡಾಲರುಗಳ ಯೋಜನೆ ತಯಾರಾಯಿತು; ಅಂಕಿಯನ್ನು ಕಂಡ ಶಾಸಕರೇ ಹಿಂದೆ ಸರಿದರು.

ಇತಿಹಾಸದ ಮೇಷ್ಟ್ರು

ತುಂಗಾತೀರ ಅವರ ಸ್ವಸ್ತಿಕದ ಪ್ರಶ್ನೆ ಇಲ್ಲಿಯವರೆಗಿನ ಪ್ರಶ್ನೆಗಳಲ್ಲಿ ಅತ್ಯಂತ ಗಟ್ಟಿಯಾದುದು. ಆದರೂ ಎರಡೂ ಒಂದೇ ಎಂದು ನಾನು ಒಪ್ಪಲಾರೆ. ನಾಜಿಗಳು ಮುಟ್ಟುವ ಮೊದಲು ಸ್ವಸ್ತಿಕಕ್ಕೆ ಸಾವಿರಾರು ವರ್ಷಗಳ ಬೇರೆ ಬದುಕಿತ್ತು. ಅವರ ಬಳಿಕವೂ ಅದು ನಮ್ಮ ಹೊಸಿಲಿನಲ್ಲಿ, ಜೈನ ಬಸದಿಗಳಲ್ಲಿ, ಅಂಗಡಿಯ ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿ ಮುಂದುವರಿಯಿತು. ಕದನ ಬಾವುಟಕ್ಕೆ ಯುದ್ಧಕ್ಕಿಂತ ಮೊದಲಿನ ಬದುಕೇ ಇಲ್ಲ. ಅದು ಹುಟ್ಟಿದ್ದು ಆ ಸರ್ಕಾರದ ಸೇನೆಗಾಗಿ, ಮತ್ತೆ ಬೀದಿಗೆ ಬಂದದ್ದು ವರ್ಣಭೇದದ ರಕ್ಷಣೆಗಾಗಿ. ಇವೆರಡರ ನಡುವೆ ಅದಕ್ಕಿದ್ದ ಮೂರನೆಯ ಬದುಕು ಸಮಾಧಿಯ ಬಳಿಯದು. ಆ ಒಂದನ್ನು ನಾನು ಗೌರವಿಸುತ್ತೇನೆ.

ಹಾಗೆಯೇ ದಕ್ಷಿಣದ ಪರಂಪರೆ ಎಂಬ ಮಾತಿನಲ್ಲಿ ಯಾರನ್ನು ಬಿಡಲಾಗಿದೆ ಎಂಬುದನ್ನೂ ನೋಡಬೇಕು. ಕಾನ್ಫೆಡರೇಟರ ವಿರುದ್ಧ ಹೋರಾಡಿದ ಒಕ್ಕೂಟದ ಸೇನೆಯಲ್ಲಿ ಸೇವೆ ಸಲ್ಲಿಸಿದ ಕಪ್ಪು ಸೈನಿಕರು ಸುಮಾರು 1,80,000. ಅವರಲ್ಲಿ ಬಹುಪಾಲು ಗುಲಾಮಗಿರಿಯ ರಾಜ್ಯಗಳಿಂದ ಬಂದವರು. ದಕ್ಷಿಣದಲ್ಲಿಯೇ ಹುಟ್ಟಿ ಒಕ್ಕೂಟದ ಪರವಾಗಿ ಹೋರಾಡಿದ ಬಿಳಿಯರೂ ಸುಮಾರು ಒಂದು ಲಕ್ಷ ಮಂದಿ ಇದ್ದರು. ಪ್ರತ್ಯೇಕತೆಯನ್ನು ಒಪ್ಪದೆ ವರ್ಜಿನಿಯಾದ ಪಶ್ಚಿಮದ ಜಿಲ್ಲೆಗಳು 1863ರಲ್ಲಿ ಬೇರೆ ರಾಜ್ಯವನ್ನೇ ಕಟ್ಟಿಕೊಂಡವು. ಇವರೆಲ್ಲರೂ ದಕ್ಷಿಣದವರೇ. ನಾಲ್ಕು ವರ್ಷ ಬಾಳಿದ ಒಂದು ಸರ್ಕಾರದ ಸೇನೆಯ ಗುರುತು ಇಡೀ ದಕ್ಷಿಣದ ಪರಂಪರೆಯಾದದ್ದು ತಾನಾಗಿಯೇ ಅಲ್ಲ. ಇವರನ್ನೆಲ್ಲ ಚಿತ್ರದಿಂದ ಹೊರಗಿಟ್ಟ ಬಳಿಕ. ಸ್ವತಃ ರಾಬರ್ಟ್ ಲೀ, 1869ರಲ್ಲಿ ಗೆಟಿಸ್‌ಬರ್ಗ್ ರಣಭೂಮಿಯಲ್ಲಿ ಸೇನೆಗಳು ನಿಂತ ಜಾಗಗಳನ್ನು ಸ್ಮಾರಕಗಳಿಂದ ಗುರುತಿಸಲು ಬಂದ ಕರೆಯನ್ನು ನಿರಾಕರಿಸಿ, ಯುದ್ಧದ ಹುಣ್ಣುಗಳನ್ನು ತೆರೆದಿಡದೆ ಮರೆಯಲು ಬಿಡುವುದೇ ವಿವೇಕವೆಂದು ಬರೆದ. ಅವನ ಹೆಸರಿನಲ್ಲಿ ಬಾವುಟ ಹಿಡಿಯುವವರು ಈ ಪತ್ರವನ್ನು ಹೆಚ್ಚಾಗಿ ನೆನೆಯುವುದಿಲ್ಲ.

ಅಟ್ಲಾಂಟಾ ನಿವಾಸಿ

ಎಲ್ಲರಿಗೂ ಧನ್ಯವಾದಗಳು. ವಕೀಲರಲ್ಲಿ ಎರಡು ಪ್ರಶ್ನೆಗಳು. ಬಡಾವಣೆಯ ನಿವಾಸಿಗಳ ಸಂಘ ಇಂಥ ಬಾವುಟವನ್ನು ತಡೆಯಬಹುದೇ? ಶಾಲೆಗೆ ಒಬ್ಬ ವಿದ್ಯಾರ್ಥಿ ಈ ಬಾವುಟದ ಅಂಗಿ ತೊಟ್ಟು ಬಂದರೆ ಶಾಲೆ ಏನು ಮಾಡಬಹುದು?

ಮೈಸೂರಿನ ವಕೀಲೆ

ನಿವಾಸಿಗಳ ಸಂಘ ಸರ್ಕಾರವಲ್ಲ; ಮನೆ ಕೊಳ್ಳುವಾಗ ನೀವು ಸಹಿ ಹಾಕುವ ಕರಾರಿನಲ್ಲಿ ಬಾವುಟಗಳ ನಿಯಮವಿದ್ದರೆ ಸಾಮಾನ್ಯವಾಗಿ ಅದು ನಡೆಯುತ್ತದೆ. 2006ರಲ್ಲಿ ಜಾರಿಗೆ ಬಂದ ಕೇಂದ್ರ ಕಾನೂನೊಂದು ಅಮೆರಿಕದ ರಾಷ್ಟ್ರಧ್ವಜವನ್ನು ಇಂಥ ನಿಷೇಧಗಳಿಂದ ರಕ್ಷಿಸಿದೆ, ಉಳಿದ ಬಾವುಟಗಳಿಗೆ ಆ ರಕ್ಷಣೆಯಿಲ್ಲ. ಆದರೆ ಆ ನಿಯಮ ಎಲ್ಲ ಬಾವುಟಗಳಿಗೂ ಅನ್ವಯಿಸುವಂತಿದ್ದರೆ, ದೀಪಾವಳಿಗೋ ರಾಜ್ಯೋತ್ಸವಕ್ಕೋ ನೀವು ಕಟ್ಟುವ ಹಳದಿ ಕೆಂಪು ಬಾವುಟವೂ ಅದರಡಿ ಬರುತ್ತದೆ ಎಂಬುದನ್ನು ಮರೆಯಬೇಡಿ. ಖಾಸಗಿ ಸಂಸ್ಥೆಗಳು ತಮ್ಮ ಆವರಣದಲ್ಲಿ ಬೇಡವೆನ್ನಲು ಸ್ವತಂತ್ರ. ನಾಸ್ಕಾರ್ ಕಾರು ಪಂದ್ಯಗಳ ಸಂಸ್ಥೆ 2015ರಲ್ಲಿ ತರಬೇಡಿರೆಂದು ಪ್ರೇಕ್ಷಕರಲ್ಲಿ ವಿನಂತಿಸಿತು, ಯಾರೂ ಕಿವಿಗೊಡಲಿಲ್ಲ. 2020ರ ಜೂನ್‌ನಲ್ಲಿ ನಿಷೇಧಿಸಿದಾಗ, ಅದೇ ತಿಂಗಳು ಟಲಡೇಗಾ ಪಂದ್ಯದ ದಿನ ಬಾವುಟವನ್ನು ಬಾಲಕ್ಕೆ ಕಟ್ಟಿದ ವಿಮಾನವೊಂದು ಮೈದಾನದ ಮೇಲೆ ಸುತ್ತಿತು.

ಶಾಲೆಯಲ್ಲಿ ವಿದ್ಯಾರ್ಥಿಗೆ ಅಭಿವ್ಯಕ್ತಿ ಸ್ವಾತಂತ್ರ್ಯವಿದೆ, ಆದರೆ ಪಾಠಪ್ರವಚನಕ್ಕೆ ಗಣನೀಯ ಅಡ್ಡಿಯಾಗುವುದೆಂದು ನಿರೀಕ್ಷಿಸಲು ಸಕಾರಣವಿದ್ದರೆ ಶಾಲೆ ತಡೆಯಬಹುದು. ದಕ್ಷಿಣ ಕರೊಲಿನಾದಲ್ಲಿ ಇಂಥದೇ ಅಂಗಿಗಳ ಪ್ರಕರಣದಲ್ಲಿ 2013ರಲ್ಲಿ ಮೇಲ್ಮನವಿ ನ್ಯಾಯಾಲಯ, ಆ ಊರಿನ ಶಾಲೆಗಳಲ್ಲಿ ಹಿಂದೆ ನಡೆದಿದ್ದ ಜನಾಂಗೀಯ ಘರ್ಷಣೆಗಳನ್ನು ಪರಿಗಣಿಸಿ ಶಾಲೆಯ ಪರವಾಗಿ ತೀರ್ಪಿತ್ತಿತು.

ತುಂಗಾತೀರ

ಮೇಷ್ಟ್ರು ಸ್ವಸ್ತಿಕದ ಬಗ್ಗೆ ಹೇಳಿದ್ದನ್ನು ಅರ್ಧ ಒಪ್ಪುತ್ತೇನೆ. ಉಳಿದರ್ಧಕ್ಕೆ ಎರಡು ಅಡ್ಡಿಗಳಿವೆ.

ಮೊದಲನೆಯದು ಪ್ರಜಾಪ್ರಭುತ್ವದ್ದು. 1894ರಿಂದ ಕದನ ಬಾವುಟ ಮೂಲೆಯಲ್ಲಿದ್ದ ತನ್ನ ರಾಜ್ಯಧ್ವಜವನ್ನು ಉಳಿಸಬೇಕೇ ಎಂದು ಮಿಸಿಸಿಪ್ಪಿ 2001ರಲ್ಲಿ ಜನರನ್ನೇ ಕೇಳಿತು. ಶೇಕಡಾ 64ಕ್ಕೂ ಹೆಚ್ಚು ಮಂದಿ ಉಳಿಸಿ ಎಂದರು. 2020ರ ಜೂನ್‌ನಲ್ಲಿ ಶಾಸಕರು ಜನರನ್ನು ಮತ್ತೆ ಕೇಳದೆ ಅದನ್ನು ತೆಗೆದುಹಾಕಿದರು. ಫಲಿತಾಂಶ ಹಿಡಿಸಿತೆಂದು ದಾರಿಯನ್ನೂ ಒಪ್ಪಬೇಕೇ?

ಎರಡನೆಯದು ಸಮಾಧಿಗಳದು. ಮೂರನೆಯ ಬದುಕನ್ನು ಗೌರವಿಸುತ್ತೇನೆಂದು ನೀವೇ ಬರೆದಿದ್ದೀರಿ. ಆದರೆ ರಾಷ್ಟ್ರೀಯ ಸ್ಮಶಾನಗಳಲ್ಲಿಯೂ ದೊಡ್ಡ ಕಂಬಗಳ ಮೇಲೆ ಈ ಬಾವುಟ ಹಾರಬಾರದೆಂದು 2016ರಲ್ಲಿ ನಿಯಮ ಬಂದಿತು. ಸತ್ತವರ ನೆತ್ತಿಯ ಮೇಲೂ ಅದು ಬೇಡವೇ?

ಇತಿಹಾಸದ ಮೇಷ್ಟ್ರು

ಸ್ಮಶಾನದ ನಿಯಮವನ್ನು ಪೂರ್ತಿ ಓದಿ. ಶಾಶ್ವತ ಕಂಬದ ಮೇಲೆ ಹಾರಿಸುವುದನ್ನು ಅದು ನಿಲ್ಲಿಸಿತು. ಸ್ಮರಣೆಯ ದಿನದಂದು ಒಬ್ಬೊಬ್ಬ ಸೈನಿಕನ ಗೋರಿಯ ಬಳಿ ಅಂಗೈಯಗಲದ ಬಾವುಟ ನೆಡುವುದಕ್ಕೆ ಅಡ್ಡಿ ಮಾಡಲಿಲ್ಲ. ವ್ಯಕ್ತಿಯ ನೆನಪಿಗೆ ಅಷ್ಟು ಸಾಕು. ಇಡೀ ಸ್ಮಶಾನದ ಮೇಲೆ ಹಾರುವಾಗ ಅದು ಸತ್ತವನನ್ನಲ್ಲ, ಅವನನ್ನು ಸಾಯಲು ಕಳುಹಿಸಿದ ಸರ್ಕಾರವನ್ನು ಗೌರವಿಸುತ್ತದೆ.

ಮಿಸಿಸಿಪ್ಪಿಯ ವಿಷಯದಲ್ಲಿ ನಿಮ್ಮ ಆಕ್ಷೇಪಕ್ಕೆ ತೂಕವಿದೆ. ಆದರೆ ಆ ರಾಜ್ಯದಲ್ಲಿ ಕಪ್ಪು ಜನರ ಪ್ರಮಾಣ ಶೇಕಡಾ 38ರ ಆಸುಪಾಸು. 2001ರ ಮತ ಬಹುಮಟ್ಟಿಗೆ ಬಣ್ಣದ ಗೆರೆಯಂತೆಯೇ ಸೀಳಿತು. ಮೂರರಲ್ಲಿ ಒಬ್ಬನಿಗಿಂತ ಹೆಚ್ಚು ಮಂದಿಯ ಅಜ್ಜಂದಿರನ್ನು ಆಸ್ತಿಯೆಂದು ಬರೆದಿಟ್ಟ ಪಕ್ಷದ ಗುರುತನ್ನು ಅವರದೂ ಆದ ರಾಜ್ಯಧ್ವಜದಲ್ಲಿ ಇರಿಸಬೇಕೇ ಎಂಬುದನ್ನು ಉಳಿದವರ ಬಹುಮತ ತೀರ್ಮಾನಿಸುವುದು ಪ್ರಜಾಪ್ರಭುತ್ವದ ಒಳ್ಳೆಯ ಮಾದರಿಯೆಂದು ನನಗೆ ತೋರುವುದಿಲ್ಲ. 2020ರಲ್ಲಿ ಶಾಸಕರು ಜನರನ್ನು ಪೂರ್ತಿ ಬದಿಗಿಡಲೂ ಇಲ್ಲ: ಮ್ಯಾಗ್ನೋಲಿಯಾ ಹೂವಿನ ಹೊಸ ಧ್ವಜವನ್ನು ನವೆಂಬರ್‌ನಲ್ಲಿ ಮತಕ್ಕಿಟ್ಟರು, ಶೇಕಡಾ 70ಕ್ಕೂ ಹೆಚ್ಚು ಮಂದಿ ಒಪ್ಪಿದರು. ಹಳೆಯದನ್ನು ಮರಳಿ ಆರಿಸುವ ಅವಕಾಶ ಮಾತ್ರ ಅದರಲ್ಲಿರಲಿಲ್ಲ. ಕಾಲೇಜು ಕ್ರೀಡಾ ಮಂಡಳಿಗಳು ಪಂದ್ಯಾವಳಿಗಳನ್ನು ಕೊಡುವುದಿಲ್ಲವೆಂದು ಎಚ್ಚರಿಸದಿದ್ದರೆ ಆ ಜೂನ್‌ನಲ್ಲಿ ಶಾಸಕರು ಅಷ್ಟು ಚುರುಕಾಗುತ್ತಿದ್ದರೇ ಎಂಬ ಅನುಮಾನ ನನಗೂ ಇದೆ.

ಮೇಕನ್ ಕನ್ನಡತಿ

ಜಾರ್ಜಿಯಾದ ಬಗ್ಗೆ ಒಂದು ವಿಷಯವನ್ನು ಯಾರೂ ಹೇಳಲಿಲ್ಲ. 1956ರ ಧ್ವಜವನ್ನು 2001ರಲ್ಲಿ ಬದಲಿಸಿದ ಗವರ್ನರ್ ರಾಯ್ ಬಾರ್ನ್ಸ್ ಮರುವರ್ಷ ಚುನಾವಣೆ ಸೋತರು. 2003ರಲ್ಲಿ ಇಂದಿನ ಧ್ವಜ ಬಂದಿತು. ನಮ್ಮ ಅಂಚೆ ಕಚೇರಿಯ ಪಕ್ಕದಲ್ಲಿ, ಮಕ್ಕಳ ಶಾಲೆಯ ಮುಂದೆ, ನ್ಯಾಯಾಲಯದ ಮೇಲೆ ಹಾರುವ ಆ ಧ್ವಜದ ಕೆಂಪು, ಬಿಳಿ, ಕೆಂಪು ಪಟ್ಟಿಗಳೂ ನೀಲಿ ಮೂಲೆಯಲ್ಲಿನ ನಕ್ಷತ್ರಗಳ ವರ್ತುಲವೂ, ಮೇಷ್ಟ್ರು ಮೊದಲಿಗೆ ಹೇಳಿದ 1861ರ ಕಾನ್ಫೆಡರೇಟ್ ರಾಷ್ಟ್ರಧ್ವಜದಿಂದಲೇ ಬಂದವು. ಅಂದರೆ ಸೇನೆಯ ಬಾವುಟವನ್ನು ತೆಗೆದು ಸರ್ಕಾರದ ಬಾವುಟವನ್ನು ಏರಿಸಿದ್ದಾರೆ! ತರ್ಕದ ಪ್ರಕಾರ ಇದಕ್ಕೆ ಹೆಚ್ಚಿನ ಪ್ರತಿಭಟನೆ ಆಗಬೇಕಿತ್ತು. ಆಗಲಿಲ್ಲ, ಏಕೆಂದರೆ ಇದನ್ನು ಹಿಡಿದು ಯಾರೂ ಶಾಲೆಯ ಬಾಗಿಲಲ್ಲಿ ಕಪ್ಪು ಮಕ್ಕಳನ್ನು ಅಡ್ಡಗಟ್ಟಲಿಲ್ಲ. ಈ ಧ್ವಜವನ್ನೂ ಬದಲಿಸಬೇಕೆಂದು ನಾನು ಸಹಿ ಸಂಗ್ರಹಿಸಲು ಹೊರಡುವುದಿಲ್ಲ, ಆದರೆ ಅದು ಏನೆಂದು ನನ್ನ ಮಗಳಿಗೆ ಹೇಳಿದ್ದೇನೆ.

ಕೊಲಂಬಿಯಾ ಕನ್ನಡಿಗ

ಸರ್ಕಾರದ ಬಾವುಟ ಬೇರೆ, ಪ್ರಜೆಯ ಬಾವುಟ ಬೇರೆ ಎಂದು ನಾವೆಲ್ಲ ಬಹುಮಟ್ಟಿಗೆ ಒಪ್ಪಿದಂತಿದೆ. ಹಾಗಾದರೆ ನಮ್ಮ ಊರಿನಲ್ಲಿ ನಡೆದದ್ದನ್ನು ಕೇಳಿ. ಬಾವುಟ ಇಳಿದ ಮರುವರ್ಷದಿಂದ ಕೆಲವು ವರ್ಷ, ಜುಲೈ 10ರಂದು ಪ್ರತ್ಯೇಕತಾವಾದಿ ಗುಂಪೊಂದು ಅನುಮತಿ ಪಡೆದು, ಶಾಸನಭವನದ ಮುಂದಿನ ಅದೇ ಸ್ಮಾರಕದ ಬಳಿ ತಾತ್ಕಾಲಿಕ ಕಂಬ ನಿಲ್ಲಿಸಿ ಅದೇ ಬಾವುಟವನ್ನು ಏರಿಸಿತು. ಎದುರಿಗೆ ಪ್ರತಿಭಟನಕಾರರು, ನಡುವೆ ಪೊಲೀಸರು. ದೂರದಿಂದ ಚಿತ್ರ ತೆಗೆದರೆ 2015ರ ಮೊದಲಿನ ದೃಶ್ಯಕ್ಕೂ ಇದಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಇದಕ್ಕೆ ಅನುಮತಿ ಕೊಡಬಾರದಿತ್ತೆಂದು ನನ್ನ ಕಪ್ಪು ಸಹೋದ್ಯೋಗಿಯೊಬ್ಬರು ಇಂದಿಗೂ ವಾದಿಸುತ್ತಾರೆ. ಆ ಜಾಗದಲ್ಲಿ ಅದನ್ನು ಮತ್ತೆ ಕಾಣುವ ಹಿಂಸೆ ನನಗೆ ಅರ್ಥವಾಗದು ಎನ್ನುತ್ತಾರೆ, ಅದು ನಿಜವೂ ಇರಬಹುದು. ಆದರೂ ಅನುಮತಿ ಕೊಟ್ಟದ್ದು ಸರಿ ಎಂದೇ ನಾನು ಹೇಳುತ್ತೇನೆ. ಕಾರ್ಯಕ್ರಮ ಮುಗಿದ ಮೇಲೆ ಕಂಬವನ್ನು ಕಿತ್ತು ಮನೆಗೆ ಒಯ್ಯಬೇಕಾದವರು ಅವರೇ. ಅದಕ್ಕೆ ಬೀಗ ಹಾಕಿ ಕಾಯುವ ಕೆಲಸ ಈಗ ರಾಜ್ಯದ್ದಲ್ಲ.